ಲೋಹ ನುಂಗುವ ಇದ್ದಿಲು

ಆ ವಠಾರದಲ್ಲಿ ಅವನ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಹೆಂಡತಿಗೆ ನೆನಪಿತ್ತು, ಆದರೆ ಅವಳು ಕರೆಯುತ್ತಿದ್ದದ್ದು ‘ರೀ’ ಎಂದು. ಉಳಿದವರಿಗೆಲ್ಲ ಅವನು ‘ಅದೇನ್ಮಹಾ’. ಯಾವ ಕೆಲಸ ಎಷ್ಟೇ ಕಷ್ಟದ್ದಾಗಿರಲಿ, ಅವನ ಬಾಯಿಂದ ಮೊದಲು ಹೊರಡುತ್ತಿದ್ದ ಮಾತು ಅದೇ. ಎದುರುಮನೆಯವರು ಹೃದಯದ ಆಪರೇಷನ್ ಮಾಡಿಸಿಕೊಂಡು, ಬದುಕಿದ್ದೇ ಹೆಚ್ಚೆಂದು ಮನೆಗೆ ಬಂದು ಮಲಗಿದಾಗ ನೋಡಲು ಹೋಗಿ, “ಅದೇನ್ ಮಹಾ ಬಿಡಿ, ಬಿಚ್ಚೋದು ಹೊಲಿಯೋದು ತಾನೇ?” ಎಂದು ಸಮಾಧಾನ ಹೇಳಿ ಬಂದಿದ್ದ. ಪಾಪ, ಅವರ ಎದೆನೋವು ಇನ್ನೊಂದು ವಾರ ಮುಂದುವರಿಯಿತು.

ಅವನ ಉದ್ಯೋಗವೂ ಈ ಸ್ವಭಾವಕ್ಕೆ ಗೊಬ್ಬರ ಹಾಕುವಂಥದ್ದೇ. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಿಗೆ ಚಪ್ಪಲಿ ತೊಡಿಸುವ ಕೆಲಸ. ಬೂಟು ಕಚ್ಚುತ್ತದೆ ಎಂದವರಿಗೆ ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುತ್ತದೆ ಎನ್ನುತ್ತಿದ್ದ. ಸಡಿಲ ಎಂದವರಿಗೆ ನಾಲ್ಕು ಹೆಜ್ಜೆ ನಡೆದರೆ ಬಿಗಿಯಾಗುತ್ತದೆ ಎನ್ನುತ್ತಿದ್ದ. ಅದನ್ನು ಎಷ್ಟು ಧೈರ್ಯವಾಗಿ ಹೇಳುತ್ತಿದ್ದನೆಂದರೆ ಜನ ನಂಬಿ ಕುಂಟುತ್ತಾ ಹೋಗುತ್ತಿದ್ದರು.

ಈ ಧೈರ್ಯವೇ ಒಂದು ಭಾನುವಾರ ಬೆಳಗ್ಗೆ ಅವನ ಕುತ್ತಿಗೆಗೆ ಬಂತು.

ಅಂದು ನೀರು ಪರೀಕ್ಷೆ ಮಾಡುವ ಕಚೇರಿಯ ಮೇಡಂ ವಠಾರಕ್ಕೆ ಬಂದಿದ್ದರು. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ನಗಬೇಕೋ ಬೇಡವೋ ಎಂದು ಯೋಚಿಸಿ ನಗುವ ಮುಖ. ವಠಾರದ ನಟ್ಟನಡುವೆ ಇದ್ದ ಬಾವಿಯ ಕಟ್ಟೆಗೆ ಒರಗಿ ನಿಂತು, ಸುತ್ತ ನೆರೆದವರಿಗೆ ಹೇಳಿದರು.

“ನಿಮ್ಮ ಬಾವಿ ನೀರಲ್ಲಿ ಸೀಸ ಇದೆ. ಅದು ವಿಷದ ಲೋಹ. ಕಣ್ಣಿಗೆ ಕಾಣಲ್ಲ, ಕುದಿಸಿದ್ರೂ ಹೋಗಲ್ಲ, ಮಕ್ಕಳಿಗಂತೂ ತುಂಬಾ ಕೆಟ್ಟದ್ದು. ಸುತ್ತಮುತ್ತಲಿನ ಬಾವಿಗಳೆಲ್ಲ ಚೆನ್ನಾಗಿವೆ, ನಿಮ್ಮದೊಂದೇ ಹೀಗೆ. ಎಲ್ಲಿಂದ ಬಂತೋ ಗೊತ್ತಾಗ್ತಿಲ್ಲ. ಇವತ್ತಿನಿಂದ ಯಾರೂ ಕುಡೀಬೇಡಿ. ಮಣ್ಣು ಹಾಕಿ ಮುಚ್ಚಿಸಬೇಕಾಗುತ್ತೆ.”

ವಠಾರ ತಲೆಯ ಮೇಲೆ ಕೈಹೊತ್ತು ನಿಂತಿತು. ಆ ಬಾವಿಯೆಂದರೆ ಬರೀ ನೀರಲ್ಲ. ಅಲ್ಲಿನ ಜಗಳಗಳೆಲ್ಲ ಹುಟ್ಟುತ್ತಿದ್ದದ್ದು ಆ ಕಟ್ಟೆಯ ಮೇಲೆ, ರಾಜಿಯಾಗುತ್ತಿದ್ದದ್ದೂ ಅಲ್ಲೇ. ಎಲ್ಲರಿಗಿಂತ ಹೆಚ್ಚು ಕಳವಳವಾದದ್ದು ಅದೇನ್ಮಹಾನ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ. ಅವನು ಮನೆಅಳಿಯನಾಗಿ ಸೇರಿದ್ದ ಆ ಮನೆಗೆ ತಾನು ಮದುವೆಯಾಗಿ ಬಂದ ದಿನದಿಂದ ಆ ಬಾವಿಯ ನೀರು ಬಿಟ್ಟು ಬೇರೆ ನೀರು ಮುಟ್ಟದ ಹೆಂಗಸು.

“ಬಾವಿ ಮುಚ್ಚಿದ್ರೆ ನಾನಿಲ್ಲಿ ಇರಲ್ಲ” ಎಂದು ಅತ್ತೆ ಅಲ್ಲೇ ಘೋಷಿಸಿದರು. “ದೊಡ್ಡ ಅಳಿಯಂದ್ರ ಮನೆಗೆ ಹೋಗ್ತೀನಿ. ಎಲ್ಲೋ ಒಂದು ಕಡೆ ಬೇರೆ ನೀರು ಕುಡೀಲೇಬೇಕು ಅಂದ್ಮೇಲೆ ಲಿಫ್ಟ್ ಇರೋ ಮನೇಲೇ ಕುಡೀತೀನಿ.”

ಅತ್ತೆ ಮನೆ ಬಿಟ್ಟು ಹೊರಟರೆ ಕುಣಿದಾಡುವ ಅಳಿಯಂದಿರು ಲೋಕದಲ್ಲಿ ಬೇಕಾದಷ್ಟಿರಬಹುದು. ಅದೇನ್ಮಹಾ ಆ ಪೈಕಿಯಲ್ಲ. ಅವನ ಮಾತನ್ನು ಕೊನೆಯವರೆಗೂ ಕೇಳಿ, ಕೇಳಿದ ಮೇಲೆ ತಪ್ಪೆಂದು ಜಗಳವಾಡುತ್ತಿದ್ದ ಏಕೈಕ ವ್ಯಕ್ತಿ ಅತ್ತೆ. ಹೆಂಡತಿ ಅರ್ಧಕ್ಕೇ ಎದ್ದು ಹೋಗುತ್ತಿದ್ದಳು. ಅತ್ತೆಯಿಲ್ಲದ ಮನೆಯಲ್ಲಿ ತಾನು ಯಾರೊಡನೆ ಮಾತನಾಡಲಿ ಎಂದು ಅವನಿಗೆ ನಿಜಕ್ಕೂ ಭಯವಾಯಿತು. ಮೇಲಾಗಿ ದೊಡ್ಡ ಅಳಿಯನ ಹೆಸರು ಬೇರೆ ಬಂದಿತ್ತು. ಬಾಯಿ ತಾನಾಗಿ ತೆರೆದುಕೊಂಡಿತು.

“ಸೀಸ ತೆಗೆಯೋದು ಅದೇನ್ ಮಹಾ ಮೇಡಂ? ಮರದ ಇದ್ದಿಲು ಹಾಕಿದ್ರೆ ಆಯ್ತು. ಹೀರ್ಕೊಂಡು ಬಿಡುತ್ತೆ.”

ಇದು ಅವನ ಸ್ವಂತ ಸಂಶೋಧನೆಯೇನಲ್ಲ. ಕಳೆದ ಬೇಸಿಗೆಯಲ್ಲಿ ಅಂಗಡಿಯ ಪಕ್ಕದ ಸಭಾಂಗಣಕ್ಕೆ, ಅಲ್ಲಿ ಫ್ಯಾನು ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಹೋಗಿ ಕುಳಿತಿದ್ದ. ಯಾರೋ ವಿಜ್ಞಾನಿ ಮಾತನಾಡುತ್ತಿದ್ದರು. ಇವನಿಗೆ ಒಳ್ಳೆಯ ನಿದ್ದೆ. ನಡುವೆ ಎಚ್ಚರವಾದಾಗ ‘ಮರದ ಇದ್ದಿಲು ನೀರಿನಲ್ಲಿರುವ ವಿಷಲೋಹಗಳನ್ನು ಹಿಡಿದಿಟ್ಟುಕೊಳ್ಳುತ್ತದೆ’ ಎಂಬ ಒಂದು ವಾಕ್ಯ ಕಿವಿಗೆ ಬಿತ್ತು. ಅದು ಹೇಗೆ ಎಂದು ಅವರು ವಿವರಿಸಲು ಶುರುಮಾಡುವಷ್ಟರಲ್ಲಿ ಮತ್ತೆ ಕಣ್ಣು ಮುಚ್ಚಿತ್ತು.

ವಠಾರದವರು ನಗಲು ತಯಾರಾದರು. ಬಸ್ ಡಿಪೋದಿಂದ ನಿವೃತ್ತರಾಗಿ ವಠಾರದ ಸಂಘಕ್ಕೆ ಅಧ್ಯಕ್ಷರಾಗಿದ್ದವರು, “ಸುಮ್ನಿರಯ್ಯಾ, ಇದೇನು ಚಪ್ಪಲಿಗೆ ಪಾಲಿಶ್ ಹಾಕೋ ವಿಷಯಾನಾ?” ಎಂದು ಗದರಿದರು.

ಆದರೆ ಮೇಡಂ ಕನ್ನಡಕ ಸರಿಮಾಡಿಕೊಂಡು, “ಇವರು ಹೇಳೋದು ಸರಿ” ಎಂದರು. “ಚೆನ್ನಾಗಿ ಮಾಡಿದ್ರೆ ಮರದ ಇದ್ದಿಲು ಸೀಸ ಹಿಡಿಯುತ್ತೆ. ಮಾಡಿ ತೋರಿಸಿ ನೋಡೋಣ. ಸೋಸಿದ ನೀರು ಪರೀಕ್ಷೇಲಿ ಪಾಸಾದ್ರೆ ಬಾವಿ ಮುಚ್ಚೋದು ಬೇಡ ಅಂತ ನಾನೇ ಬರೀತೀನಿ. ಮುಂದಿನ ತಿಂಗಳು ಬರ್ತೀನಿ, ಅಲ್ಲೀವರೆಗೂ ಪಕ್ಕದ ಬಾವಿ ನೀರೇ ಕುಡೀರಿ.”

ಅದೇನ್ಮಹಾ ಕಕ್ಕಾಬಿಕ್ಕಿಯಾದ. ಅವನ ಜೀವಮಾನದಲ್ಲಿ ಯಾರೂ ಅವನ ಮಾತಿಗೆ ‘ಸರಿ’ ಎಂದಿರಲಿಲ್ಲ. ಎಲ್ಲರೂ ತಕ್ಷಣ ಅಲ್ಲಗಳೆಯುತ್ತಿದ್ದುದರಿಂದಲೇ ಅವನು ಇಷ್ಟು ವರ್ಷ ಯಾವ ಅಪಾಯವೂ ಇಲ್ಲದೆ ಬದುಕಿದ್ದ.

ಮಾರನೆಯ ದಿನವೇ ಬೀದಿ ತಿರುವಿನ ಇಸ್ತ್ರಿಯವನ ಹತ್ತಿರ ಒಂದು ಮೂಟೆ ಇದ್ದಿಲು ತಂದು, ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದು, ಮೇಲಿಂದ ಬಾವಿ ನೀರು ಹೊಯ್ದು, ಕೆಳಗಿನ ನಲ್ಲಿ ತಿರುಗಿಸಿದ. ಬಂದ ನೀರಿನಲ್ಲಿ ಪೆನ್ನು ಅದ್ದಿ ಬರೆಯಬಹುದಿತ್ತು. ನಲ್ಲಿ ಸೀನಿದಂತಾಗಿ ಮುಖದ ಮೇಲೂ ಎರಚಿತು.

“ಅಳಿಯಂದ್ರೇ” ಎಂದರು ಅತ್ತೆ, ಬಾಗಿಲಲ್ಲಿ ನಿಂತು. ಅವರು ಎಷ್ಟು ಸಿಟ್ಟು ಬಂದರೂ ಬಹುವಚನ ಬಿಡುತ್ತಿರಲಿಲ್ಲ. ಅದರಿಂದ ಸಿಟ್ಟು ಇನ್ನೂ ಚೆನ್ನಾಗಿ ನಾಟುತ್ತಿತ್ತು. “ಮುಂಚೆ ವಿಷ ಕಣ್ಣಿಗೆ ಕಾಣ್ತಿರಲಿಲ್ಲ. ಈಗ ಕಾಣೋ ಹಾಗೆ ಮಾಡಿದ್ರಿ. ಬಹಳ ಉಪಕಾರ ಆಯ್ತು.”

ಹೆಂಡತಿ ಟವೆಲು ಕೊಡುತ್ತಾ, “ರೀ, ಗೊತ್ತಿಲ್ಲ ಅಂತ ಒಂದು ಸಲ ಹೇಳಿ ನೋಡಿ. ನೋವಾಗಲ್ಲ” ಎಂದಳು.

ಅವನು ಹೇಳಿದ. ಆದರೆ ಮನೆಯಲ್ಲಿ ಅಲ್ಲ, ಮೇಡಂ ಕಚೇರಿಗೆ ಹೋಗಿ, ಬಾಗಿಲು ಮುಚ್ಚಿದ ಮೇಲೆ, ಅದೂ ಬೇರೆಯವರ ತಲೆಗೆ ಕಟ್ಟಿ. “ನನ್ನ ಸ್ನೇಹಿತರೊಬ್ಬರಿಗೆ ಈ ಇದ್ದಿಲಿನ ಬಗ್ಗೆ ಸ್ವಲ್ಪ ಗೊಂದಲ ಇದೆ ಮೇಡಂ.”

ಮೇಡಂ ಅವನ ಕಿವಿಯ ಹಿಂದೆ ಅಂಟಿದ್ದ ಕರಿಯನ್ನು ನೋಡಿದರು. ನಗಬೇಕೋ ಬೇಡವೋ ಎಂದು ಯೋಚಿಸಿ, ಬೇಡವೆಂದು ತೀರ್ಮಾನಿಸಿದರು. “ನಿಮ್ಮ ಸ್ನೇಹಿತರಿಗೆ ಹೇಳಿ. ಬಣ್ಣ, ಪಾಲಿಶ್ ತಾಗದ ಬರೀ ಮರ ಬೇಕು. ಡಬ್ಬದಲ್ಲಿ ಮುಚ್ಚಿ, ಗಾಳಿ ಹೆಚ್ಚು ಆಡದ ಹಾಗೆ ಸುಡಬೇಕು. ಆಗ ಇದ್ದಿಲ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ತುಂಬಾ ಆಗ್ತವೆ. ನೀರಲ್ಲಿ ಕರಗಿರೋ ಸೀಸ ಹೋಗಿ ಅಲ್ಲಿ ಅಂಟ್ಕೊಳ್ಳುತ್ತೆ. ಸಣ್ಣಗೆ ಕುಟ್ಟಿ, ಕರಿ ಹೋಗೋವರೆಗೂ ತೊಳೀಬೇಕು. ಕೆಳಗೆ ಜಲ್ಲಿ, ಅದರ ಮೇಲೆ ಮರಳು, ಆಮೇಲೆ ಇದ್ದಿಲು. ನೀರು ನಿಧಾನವಾಗಿ ಇಳೀಬೇಕು. ಅವಸರ ಮಾಡಬಾರದು.”

“ಇಷ್ಟೇನಾ? ಅದೇನ್ ಮಹಾ!” ಎಂದ ಅದೇನ್ಮಹಾ. ತಕ್ಷಣ, “ಅಂತ ಅವನಿಗೆ ಹೇಳ್ತೀನಿ” ಎಂದು ಸೇರಿಸಿದ.

ವಠಾರದ ಮೂಲೆಮನೆಯ ಬಡಗಿ ತುಂಡು ಮರ ಕೊಟ್ಟ. ಹಳೆಯ ತಗಡಿನ ಡಬ್ಬದಲ್ಲಿ ಸುಟ್ಟದ್ದಾಯಿತು. ಹೊಗೆ ಕಂಡು ಅಧ್ಯಕ್ಷರು “ಬೆಂಕಿ, ಬೆಂಕಿ!” ಎಂದು ಕೂಗಿ, ಡಬ್ಬದ ಮೇಲೆ ಎರಡು ಬಕೆಟ್ ನೀರು ಸುರಿದದ್ದೂ ಆಯಿತು. ಮತ್ತೆ ಸುಟ್ಟದ್ದಾಯಿತು. ಕುಟ್ಟಿದ್ದು, ತೊಳೆದದ್ದು ಎಲ್ಲವನ್ನೂ ಅದೇನ್ಮಹಾ ಅಂಗಡಿಯಿಂದ ಬಂದ ಮೇಲೆ ಸೊಂಟ ಬಗ್ಗಿಸಿ ತಾನೇ ಮಾಡಿದ. ಡ್ರಮ್ಮಿನ ನಲ್ಲಿಯಿಂದ ಕೊನೆಗೆ ತಿಳಿಯಾದ ನೀರು ನೂಲಿನಂಥ ಸಣ್ಣ ಧಾರೆಯಾಗಿ ಇಳಿಯಿತು.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಒಬ್ಬ ಸಜ್ಜನನ ಕಥೆಯಾಗುತ್ತಿತ್ತು. ಆದರೆ ತಿಳಿನೀರು ಕಂಡದ್ದೇ ಅವನಿಗೆ ಭಾಷಣ ಮಾಡುವ ಚಪಲ ಹತ್ತಿಕೊಂಡಿತು. ಬಾವಿಕಟ್ಟೆ ಹತ್ತಿ ನಿಂತು, ಕೈಯಲ್ಲೊಂದು ಇದ್ದಿಲ ಚೂರು ಹಿಡಿದು ಹೇಳಿದ.

“ಇದನ್ನ ಸಾಮಾನ್ಯ ಅಂದ್ಕೋಬೇಡಿ. ಇದರ ಮೈಯೆಲ್ಲಾ ಬಾಯಿ! ಲೋಹ ಕಂಡ್ರೆ ಸಾಕು, ಬಿಡೋದೇ ಇಲ್ಲ, ನುಂಗಿಬಿಡುತ್ತೆ! ಈ ಡ್ರಮ್ಮು ಬರೀ ಸ್ಯಾಂಪಲ್ಲು. ಮುಂದಿನ ಭಾನುವಾರ ಮೂಟೆ ಕಟ್ಟಿ ಬಾವಿಗೇ ಇಳಿಬಿಡ್ತೀನಿ. ಒಂದು ಚೂರು ಲೋಹ ಉಳೀಬಾರದು!”

ಚಪ್ಪಾಳೆ ಬೀಳುತ್ತದೆಂದು ಕಾದ. ಬೀಳಲಿಲ್ಲ. ಮುಂದಿನ ಸಾಲಿನಲ್ಲಿದ್ದ ದರ್ಜಿ ಮೆಲ್ಲಗೆ ತನ್ನ ಎಡಗಾಲು ಮುಟ್ಟಿ ನೋಡಿಕೊಂಡ. ಮೋಟಾರ್ ಸೈಕಲ್ಲಿನಿಂದ ಬಿದ್ದು ಮುರಿದಿದ್ದ ಆ ಕಾಲಿನೊಳಗೆ ಸ್ಟೀಲಿನ ರಾಡಿತ್ತು.

“ಅಣ್ಣಾ, ಒಂದು ಮಾತು. ಆ ನೀರು ಕುಡಿದ್ರೆ ಒಳಗಿರೋ ಲೋಹ?”

ಗೊತ್ತಿಲ್ಲ ಎನ್ನುವುದು ಅದೇನ್ಮಹಾನಿಗೆ ಗೊತ್ತಿರಲಿಲ್ಲ. ತುಸು ಯೋಚಿಸಿದಂತೆ ಮುಖ ಮಾಡಿ, “ಸ್ವಲ್ಪ ಹುಷಾರಾಗಿದ್ರೆ ಒಳ್ಳೇದು” ಎಂದುಬಿಟ್ಟ.

ಅಷ್ಟೇ ಸಾಕಾಯಿತು. ಸಂಜೆಯೊಳಗೆ ವಠಾರದ ಹೆಂಗಸರೆಲ್ಲ ಬಳೆ, ಸರ, ಓಲೆ ಬಿಚ್ಚಿ ಪೆಟ್ಟಿಗೆಗೆ ಸೇರಿಸಿದರು. ಸ್ಟೀಲು ಕೊಡಗಳು ಅಟ್ಟ ಹತ್ತಿ, ಅಟ್ಟದಲ್ಲಿದ್ದ ಮಣ್ಣಿನ ಮಡಕೆಗಳು ಕೆಳಗಿಳಿದವು. ಎದುರುಮನೆಯ ಹೃದಯದವರು, ಡಾಕ್ಟರು ತಮ್ಮ ಎದೆಯೊಳಗೆ ಏನಿಟ್ಟಿದ್ದಾರೋ, ಅದು ಲೋಹವೋ ಅಲ್ಲವೋ ವಿಚಾರಿಸಲು ಆಟೋ ಹಿಡಿದು ಆಸ್ಪತ್ರೆಗೆ ಓಡಿದರು. ದರ್ಜಿ ಡ್ರಮ್ಮಿನಿಂದ ದೂರ, ಗೋಡೆಗೆ ಮೈ ಸವರಿಕೊಂಡು ಓಡಾಡತೊಡಗಿದ. ಒಬ್ಬಾಕೆ, ತನ್ನ ಸೊಸೆಗೆ ರಕ್ತದಲ್ಲಿ ಕಬ್ಬಿಣದ ಅಂಶ ಮೊದಲೇ ಕಡಿಮೆಯೆಂದೂ, ಇದ್ದದ್ದನ್ನೂ ಈ ಇದ್ದಿಲು ಕಿತ್ತುಕೊಂಡರೆ ಮನೆಗೆಲಸ ಮಾಡುವವರು ಯಾರೆಂದೂ ಜಗಳಕ್ಕೆ ಬಂದಳು.

ಅತ್ತೆ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು.

“ಯಾಕತ್ತೆ, ಹಲ್ಲು ನೋವಾ?”

“ನೋವಿಲ್ಲ ಅಳಿಯಂದ್ರೇ. ಹಲ್ಲು ಚಿನ್ನದ್ದು” ಎಂದರು ಸೆರಗಿನೊಳಗಿಂದಲೇ. “ನಿಮ್ಮ ಮಾವನವರು ಕಟ್ಟಿಸಿಕೊಟ್ಟದ್ದು. ಅವರಿಂದ ನನಗೆ ಉಳಿದಿರೋದು ಅದೊಂದೇ. ಬಾವಿ ಉಳೀಲಿ ಅಂತ ನಂಗೂ ಆಸೆ. ಆದ್ರೆ ಆ ನೀರು ನಾನು ಕುಡಿಯಲ್ಲಪ್ಪ.”

ಅವನಿಗೆ ಮೊದಲ ಬಾರಿ ತನ್ನ ಬಾಯಿಯ ಮೇಲೆ ತನಗೇ ಸಿಟ್ಟು ಬಂತು. ನೀರು ಪಾಸಾಗಿ, ಬಾವಿ ಉಳಿದು, ಅತ್ತೆ ಮಾತ್ರ ಆ ನೀರು ಕುಡಿಯದೆ ದೊಡ್ಡ ಅಳಿಯನ ಮನೆಗೆ ಹೊರಟರೆ ಇಷ್ಟೆಲ್ಲ ಇದ್ದಿಲು ಕುಟ್ಟಿದ್ದು ಯಾರಿಗಾಗಿ? ಅವನು ಮನೆಮನೆಗೂ ಹೋಗಿ, “ಹಾಗಲ್ಲ, ಕರಗಿರೋ ಲೋಹ ಮಾತ್ರ ಹಿಡಿಯೋದು, ಗಟ್ಟಿ ಲೋಹ ಮುಟ್ಟಲ್ಲ” ಎಂದು ಹೇಳಿ ಬಂದ. ಯಾರೂ ನಂಬಲಿಲ್ಲ. ಸುಳ್ಳನ್ನು ಅಷ್ಟು ಗಟ್ಟಿ ದನಿಯಲ್ಲಿ ಹೇಳಿದ್ದವನು ನಿಜವನ್ನು ಇಷ್ಟು ಮೆತ್ತಗೆ ಹೇಳಿದರೆ ನಂಬುವವರು ಯಾರು!

ಭಾನುವಾರ ಬಂತು. ಇದ್ದಿಲು ಬಾವಿಗಿಳಿಯುವ ಮೊದಲೇ ಗಲಾಟೆ ಎದ್ದಿತು. ಶುರುಮಾಡಿದ್ದು ಬಡಗಿಯ ಹೆಂಡತಿ.

“ನಮ್ಮ ತಾಮ್ರದ ಚೊಂಬು ಬಿದ್ದಿದೆ ಬಾವೀಲಿ! ಅದನ್ನ ಎತ್ತಿಕೊಟ್ಟು ಆಮೇಲೆ ಇದ್ದಿಲು ಇಳಿಸಿ. ನುಂಗಿದ ಮೇಲೆ ಯಾರನ್ನ ಕೇಳಲಿ?”

ಆಗ ಎಲ್ಲರಿಗೂ ನೆನಪಾಯಿತು. ಆ ಬಾವಿಗೆ ಏನೂ ಬೀಳಿಸದ ಮನೆಯೇ ಇರಲಿಲ್ಲ. ಕೊಡ, ಬೀಗದ ಕೈ, ಸೌಟು, ಕಾಲ್ಗೆಜ್ಜೆ! ಇಷ್ಟು ವರ್ಷ ಹೋದದ್ದು ಹೋಯಿತೆಂದು ಸುಮ್ಮನಿದ್ದವರೆಲ್ಲ ಈಗ ಅದನ್ನು ಇದ್ದಿಲು ತಿನ್ನುತ್ತದೆ ಎಂದೊಡನೆ ಒಂದು ಸೌಟನ್ನೂ ಬಿಟ್ಟುಕೊಡಲು ಒಪ್ಪಲಿಲ್ಲ. ಬಾವಿಗೆ ಬಿದ್ದದ್ದನ್ನು ಎತ್ತುವ ಕೊಕ್ಕೆಗಳ ಗೊಂಚಲು, ಪಾತಾಳಗರಡಿ, ಎಲ್ಲಿಂದಲೋ ಬಂತು. ಗಂಡಸರು ಹಗ್ಗ ಹಿಡಿದರು. ಹೆಂಗಸರು ಕಟ್ಟೆಯ ಸುತ್ತ ನಿಂತು ಬಗ್ಗಿ ನೋಡುತ್ತಾ ಒಂದೊಂದಕ್ಕೂ ಕೇಕೆ ಹಾಕಿದರು.

ಚೊಂಬು ಬಂತು. ಹಿಡಿ ಮುರಿದ ಬಕೆಟ್ ಬಂತು. ಕಳೆದುಹೋಯಿತೆಂದು ಪಕ್ಕದ ಮನೆಯ ಅತ್ತೆ ಸೊಸೆಯನ್ನೂ ಸೊಸೆ ಅತ್ತೆಯನ್ನೂ ಬೈದುಕೊಂಡಿದ್ದ ಸೌಟು ಬಂದು, ಇಬ್ಬರೂ ಅದನ್ನು ಹಿಡಿದುಕೊಂಡು ನಕ್ಕರು. ಆಮೇಲೆ ಹಗ್ಗ ಬಿಗಿಯಿತು. “ಭಾರ ಇದೆ, ಎಳೀರಿ! ಎಳೀರಿ!” ಎಂದು ನಾಲ್ಕು ಜನ ಸೇರಿ ಎಳೆದರು. ಪಾಚಿ ಮೆತ್ತಿಕೊಂಡು, ಪಕ್ಕದಲ್ಲಿ ಸೀಳು ಬಿಟ್ಟುಕೊಂಡು, ಕಾರಿನ ಬ್ಯಾಟರಿಯೊಂದು ಮೇಲೆ ಬಂತು.

ಎಲ್ಲರ ಕಣ್ಣೂ ಅಂಗಳದ ಮೂಲೆಯಲ್ಲಿದ್ದ ಅಧ್ಯಕ್ಷರ ಕಾರಿನ ಕಡೆ ಹೋಯಿತು. ಅದು ನಿಂತಲ್ಲೇ ನಿಂತು ವರ್ಷಗಳಾಗಿ, ಈಗ ಅದರ ಮೇಲೆ ಬಟ್ಟೆ ಒಣಗಿಹಾಕುತ್ತಿದ್ದರು. ಬ್ಯಾಟರಿ ಕಳುವಾಯಿತೆಂದು ಅಧ್ಯಕ್ಷರು ಆಗ ದೊಡ್ಡ ರಂಪ ಮಾಡಿ, ದರ್ಜಿಯೇ ಕದ್ದನೆಂದು ಹೇಳಿ, ಅಂದಿನಿಂದ ಅವನೊಡನೆ ಮಾತು ಬಿಟ್ಟಿದ್ದರು.

ಅಧ್ಯಕ್ಷರು ಹಣೆ ಒರೆಸಿಕೊಂಡರು. “ಗಾಳಿಗೆ ಬಾವಿ ಮುಚ್ಚಳ ಹಾರ್ತಿತ್ತು. ಭಾರಕ್ಕೆ ಇರಲಿ ಅಂತ... ಒಂದು ರಾತ್ರಿ ಮಟ್ಟಿಗೆ... ನಾನೇ ಅದರ ಮೇಲೆ ಇಟ್ಟಿದ್ದೆ ಅಂತ ಕಾಣುತ್ತೆ.”

“ಕಾಣುತ್ತೆ ಅಲ್ಲ ಸ್ವಾಮಿ, ಎಲ್ಲರಿಗೂ ಕಾಣ್ತಾ ಇದೆ” ಎಂದ ದರ್ಜಿ. ಇಷ್ಟು ವರ್ಷಗಳ ಕಳ್ಳತನ ಒಂದೇ ಕ್ಷಣದಲ್ಲಿ ಮೈಮೇಲಿಂದ ಇಳಿದ ಸಂತೋಷಕ್ಕೆ, ರಾಡಿದ್ದ ಕಾಲಿನಲ್ಲೇ ಒಂದು ಕುಣಿತ ಕುಣಿದ.

ಸರಿಯಾಗಿ ಆಗಲೇ ಗೇಟಿನಲ್ಲಿ ಮೇಡಂ ಕಾಣಿಸಿಕೊಂಡರು, ಕೈಯಲ್ಲಿ ಬಾಟಲಿಗಳ ಚೀಲ. ಅಧ್ಯಕ್ಷರು ಬ್ಯಾಟರಿಯ ಮೇಲೆ ಗೋಣಿಚೀಲ ಎಸೆದು ಅದರ ಮೇಲೆ ತಾವೇ ಕುಳಿತುಬಿಟ್ಟರು. ಮೇಡಂ ನಮಸ್ಕಾರ ಮಾಡಿದರೂ ಏಳಲಿಲ್ಲ.

“ಕ್ಷಮಿಸಿ ಮೇಡಂ, ಮೊಣಕಾಲು ಹಿಡ್ಕೊಂಡಿದೆ.”

“ಪರವಾಗಿಲ್ಲ ಕೂತ್ಕೊಳ್ಳಿ. ಆದ್ರೆ ನಿಮ್ಮ ಕೆಳಗಿಂದ ಏನೋ ಸೋರ್ತಾ ಇದೆಯಲ್ಲ?”

ಅಂಗಳದಲ್ಲಿ ಎದ್ದ ನಗು ಬೀದಿಯ ತುದಿಯವರೆಗೂ ಕೇಳಿಸಿರಬೇಕು. ಮೇಡಂ ಗೋಣಿ ಎತ್ತಿ ನೋಡಿದರು, ಅಧ್ಯಕ್ಷರನ್ನು ನೋಡಿದರು. ಈ ಸಲ ಯೋಚಿಸದೆ ನಕ್ಕುಬಿಟ್ಟರು. “ಬ್ಯಾಟರಿ ಒಳಗಿರೋದೆಲ್ಲ ಸೀಸಾನೇ. ಎಲ್ಲಿಂದ ಬಂತು ಅಂತ ತಲೆ ಕೆಡಿಸ್ಕೊಂಡಿದ್ದೆ. ಇದನ್ನ ಬಾವಿಯಿಂದ ತೆಗೆಸಿದ್ದು ಯಾರು?”

“ನಾನೇ” ಎಂದು ಅದೇನ್ಮಹಾ ಎದೆಯುಬ್ಬಿಸಿದ. ತಾನು ಹೇಳಿದ ಸುಳ್ಳೇ ತೆಗೆಸಿದ್ದೆಂಬ ಸಣ್ಣ ವಿವರವನ್ನು ಸೇರಿಸುವ ಅಗತ್ಯ ಅವನಿಗೆ ಕಾಣಲಿಲ್ಲ.

ಮೇಡಂ ಇದ್ದಿಲ ಮೂಟೆಯನ್ನು ಬಾವಿಗೆ ಇಳಿಸುವುದು ಬೇಡವೆಂದು ತಡೆದು, ಬಾವಿಯದೊಂದು, ಡ್ರಮ್ಮಿನದೊಂದು ಬಾಟಲಿ ನೀರು ತುಂಬಿಕೊಂಡು ಹೋದರು. ಫಲಿತಾಂಶ ಹಿಡಿದು ಮರಳಿ ಬಂದ ದಿನ ವಠಾರಕ್ಕೆ ವಠಾರವೇ ಕಟ್ಟೆಯ ಸುತ್ತ ನಿಂತಿತ್ತು. ಅತ್ತೆಯ ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿ ಇಟ್ಟಿದ್ದಾಗಿತ್ತು.

“ಬಾವಿ ನೀರಲ್ಲಿ ಸೀಸ ಇನ್ನೂ ಇದೆ, ಬ್ಯಾಟರಿ ತೆಗೆದಿರೋದ್ರಿಂದ ಬರ್ತಾ ಬರ್ತಾ ಕಡಿಮೆ ಆಗುತ್ತೆ. ಡ್ರಮ್ಮಿನ ನೀರು ಪಾಸು, ಕುಡೀಬಹುದು. ಬಾವಿ ಮುಚ್ಚೋದು ಬೇಡ. ನಾವು ಆಗಾಗ ಪರೀಕ್ಷೆ ಮಾಡ್ತೀವಿ. ಇದ್ದಿಲು ಮಾತ್ರ ಬದಲಾಯಿಸ್ತಾ ಇರಬೇಕು. ಹಳೇದನ್ನ ಸುಡಬೇಡಿ, ಎಸೀಬೇಡಿ. ಅದರಲ್ಲಿ ಸೀಸ ಕೂತಿರುತ್ತೆ, ನಮ್ಮ ಕಚೇರಿಗೆ ತಂದುಕೊಡಿ” ಎಂದರು ಮೇಡಂ. “ಸರಿ, ಯಾರು ಮೊದಲು ಕುಡೀತೀರಿ?”

ಯಾರೂ ಮುಂದೆ ಬರಲಿಲ್ಲ. ದರ್ಜಿ ಎಡಗಾಲನ್ನು ಬಲಗಾಲಿನ ಹಿಂದೆ ಅಡಗಿಸಿದ. ಮೇಡಂ ಗಟ್ಟಿ ಲೋಹಕ್ಕೆ ಏನೂ ಆಗುವುದಿಲ್ಲವೆಂದು ಬಿಡಿಸಿ ಬಿಡಿಸಿ ಹೇಳಿದರು. ಜನ ತಲೆಯಾಡಿಸಿ ಅಲ್ಲೇ ನಿಂತರು. ಅದೇನ್ಮಹಾ ತುಂಬಿದ ಗಾಜಿನ ಲೋಟ ಹಿಡಿದು ಒಬ್ಬೊಬ್ಬರ ಮುಂದೆಯೂ ಹೋದ. ಅವನ ಮುಖ ಚಿಕ್ಕದಾಗುತ್ತಾ ಬಂತು. ಇಷ್ಟೆಲ್ಲ ಮಾಡಿ ಗೆದ್ದ ಮೇಲೆ, ತನ್ನದೇ ಬಡಾಯಿಗೆ ಸೋತು ನಿಂತಿದ್ದ.

ಅತ್ತೆಗೆ ಅದು ನೋಡಲಾಗಲಿಲ್ಲ.

“ಕೊಡಿ ಇಲ್ಲಿ” ಎಂದು ಸೆರಗು ಸರಿಸಿ ಮುಂದೆ ಬಂದರು. “ನಮ್ಮ ಅಳಿಯಂದ್ರು ಸೊಂಟ ಮುರ್ಕೊಂಡು ಮಾಡಿದ ನೀರು. ಹೋದ್ರೆ ಒಂದು ಹಲ್ಲು ತಾನೇ?”

ಕಣ್ಣು ಮುಚ್ಚಿ, ಅರ್ಧ ಲೋಟ ಗಟಗಟ ಕುಡಿದು, ಬಾಯಿ ಅಗಲ ತೆರೆದರು. ವಠಾರ ಮುಗಿಬಿದ್ದು ನೋಡಿತು. ಮೇಡಂ ಮೊಬೈಲಿನ ಬೆಳಕು ಬಿಟ್ಟು, ಇಲಾಖೆಯ ಗಾಂಭೀರ್ಯದಿಂದ ಇಣುಕಿ, “ಹಲ್ಲು ಇದೆ” ಎಂದು ಪ್ರಕಟಿಸಿದರು. ಆಗ ಬಿದ್ದ ಚಪ್ಪಾಳೆಗೆ ಬಾವಿಯೂ ಪ್ರತಿಧ್ವನಿಸಿತು.

ಆಮೇಲೆ ತಡೆಯುವವರಾರು! ಕೊಡ, ಮಡಕೆ, ಬಾಟಲಿ ಹಿಡಿದು ಡ್ರಮ್ಮಿಗೆ ಮುತ್ತಿಗೆ ಹಾಕಿದರು. ನಾನು ಮೊದಲು, ತಾನು ಮೊದಲು ಎಂದು ಬಾವಿಕಟ್ಟೆಯ ಮೇಲೆ ಎಂದಿನಂತೆ ಜಗಳ ಶುರುವಾಯಿತು. ಅಧ್ಯಕ್ಷರು ದರ್ಜಿಗೆ ತಮ್ಮ ಕೈಯಾರೆ ಲೋಟ ತುಂಬಿ ಕೊಟ್ಟರು. ಅದೇನ್ಮಹಾ ನಲ್ಲಿ ಹಿಡಿದು ಎಲ್ಲರಿಗೂ ಬಿಟ್ಟೂ ಬಿಟ್ಟೂ, ಕೊನೆಗೆ ತನ್ನ ಸರದಿ ಬಂದಾಗ ಡ್ರಮ್ಮು ಬರಿದಾಗಿತ್ತು. ಬೆವರಿಳಿಸುತ್ತಾ ಮನೆಯ ಮೆಟ್ಟಿಲ ಮೇಲೆ ಕುಳಿತ. ಬಾಗಿಲಲ್ಲಿದ್ದ ಪೆಟ್ಟಿಗೆ ಅಲ್ಲಿರಲಿಲ್ಲ.

ಅತ್ತೆ ಒಳಗಿನಿಂದ ಬಂದರು. ಕೈಯಲ್ಲಿ ತಟ್ಟೆ ಮುಚ್ಚಿದ ಅದೇ ಅರ್ಧ ಲೋಟ.

“ನಿಮಗೆ ಅಂತ ಇಟ್ಟಿದ್ದೆ. ನನಗೊತ್ತು, ನಿಮಗೆ ಉಳಿಯಲ್ಲ ಅಂತ. ಕುಡೀರಿ.”

ಅವನು ಎರಡೂ ಕೈಯಲ್ಲಿ ಲೋಟ ಈಸಿಕೊಂಡ. ತುಟಿಯ ಹತ್ತಿರ ತಂದವನು ಒಂದು ಕ್ಷಣ ತಡೆದ. ಅತ್ತ ಇತ್ತ ನೋಡಿ, ಲೋಟ ಮೆಟ್ಟಿಲ ಮೇಲಿಟ್ಟು, ಬೆರಳಿನ ಮದುವೆ ಉಂಗುರ ಮೆಲ್ಲಗೆ ತಿರುವಿ ಕಳಚಿ ಜೇಬಿಗೆ ಹಾಕಿಕೊಂಡ. ಆಮೇಲೆ ಕುಡಿದ.

ಅತ್ತೆ ನೋಡಿಬಿಟ್ಟಿದ್ದರು. ಬಾಗಿಲು ಹಿಡಿದುಕೊಂಡು, ಹಲ್ಲೆಲ್ಲ ಕಾಣುವಂತೆ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.